ಕೈವಾರ ಸಿಕ್ಕ ವಾರ

(ಓದುಗರ ಪ್ರಶ್ನೆಗೆ ದಾವಣಗೆರೆ ರಿಟೈರ್ಡ್ ಟೀಚರಮ್ಮನ ಉತ್ತರ)

ಈ ಸಲ ಬಂದಿರೋ ಪ್ರಶ್ನೆ ಓದ್ತಾ ಓದ್ತಾ ನಮ್ಮೂರಲ್ಲಿ ಯುದ್ಧ ಗಿದ್ಧ ಶುರುವಾಗಿ ನಂಗೊಬ್ಬಳಿಗೇ ಹೇಳದೆ ಬಿಟ್ರೇನೋ ಅಂತ ಅನುಮಾನ ಬಂದು ಕಾಂಪೌಂಡ್ ಗೇಟ್ ತನಕ ಹೋಗಿ ನೋಡ್ಕೊಂಡು ಬಂದೆ ಕಣ್ರಿ. ಮಂಡಕ್ಕಿ ಮಾರೋನು ಗಾಡಿ ತಳ್ಕೊಂಡು ಹೋಗ್ತಿದ್ದ, ಅಷ್ಟೇ. ಯಾವಾಗ್ಲೂ ಮಕ್ಕಳ ಮಾರ್ಕ್ಸು, ಅತ್ತೆ ಸೊಸೆ, ಪಿಯುಸಿಗೆ ಯಾವ ಕಾಲೇಜು ಅಂತ ಕೇಳ್ತಿದ್ದೋರೆಲ್ಲಾ ಈ ಸಲ ಒಂದೇ ಕೇಳಿದಾರೆ, ಶಾಲೇಲಿ ಹಿಂಸೆ ಜಾಸ್ತಿ ಆಗಿದೆ ಏನ್ ಮಾಡ್ಲಿ ಅಂತ. ಶಾಲೆ ಹೆಸರು ಮಕ್ಕಳ ಹೆಸರು ಎಲ್ಲಾ ತೆಗೆದಿದೀನಿ, ಬರ್ದೋರ ಸಿಟ್ಟು ಮಾತ್ರ ಹಂಗೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ ನಮಸ್ತೆ. ನನ್ ಮಗ ಐದನೇ ಕ್ಲಾಸು. ಹೋದ ಸೋಮವಾರ ಅವನ ಕ್ಲಾಸಿನ ಒಬ್ಬ ಹುಡುಗನ ಬ್ಯಾಗಲ್ಲಿ "ಚೂಪಾದ ಲೋಹದ ಆಯುಧ" ಸಿಕ್ಕಿದೆ ಅಂತ ಪೇರೆಂಟ್ಸ್ ಗ್ರೂಪಲ್ಲಿ ಬಂತು, ಸಂಜೆ ಒಳಗೆ ಇನ್ನೂರು ಮೆಸೇಜು. ನಾನೂ ಗಾಬರಿಯಾಗಿ ಆಫೀಸ್ ಗ್ರೂಪಿಗೆ, ಕಸಿನ್ಸ್ ಗ್ರೂಪಿಗೆ ಹಾಕಿದೆ. ಮರುದಿನ ಅದು ಜಾಮಿಟ್ರಿ ಬಾಕ್ಸಿನ ಕೈವಾರ ಅಂತ ಗೊತ್ತಾಯ್ತು. ಆದ್ರೂ ಚುಚ್ಚಿದ್ರೆ ಚುಚ್ಚೋದೇ ಅಲ್ವಾ? ಈಗ ಶಾಲೆಯವರು ಕೈವಾರ, ಡಿವೈಡರ್, ಸ್ಟೀಲ್ ಸ್ಕೇಲ್ ಎಲ್ಲಾ ಬ್ಯಾನ್ ಮಾಡಿದಾರೆ. ಮಗನ್ನ ಬೇರೆ ಶಾಲೆಗೆ ಹಾಕ್ಲಾ?
ಒಬ್ಬ ತಂದೆ, ವಿದ್ಯಾನಗರ, ದಾವಣಗೆರೆ

ಉತ್ತರ: ಹಾಕ್ರಿ, ಆದ್ರೆ ಗಣಿತ ಇಲ್ಲದ ಶಾಲೆ ಹುಡುಕ್ಬೇಕಾಗುತ್ತೆ. ನಾನು 31 ವರ್ಷ ಗಣಿತ ಹೇಳಿದೋಳು, ಬೋರ್ಡಿಗೆ ಅಂತ ನನ್ ಹತ್ರ ಇದ್ದದ್ದು ಮರದ ಕೈವಾರ, ಒಂದು ಮೊಳ ಉದ್ದ, ಒಂದ್ ಕಾಲಿಗೆ ಚಾಕ್‌ಪೀಸು ಇನ್ನೊಂದ್ ಕಾಲಿಗೆ ಕಬ್ಬಿಣದ ಮೊಳೆ, ಅದನ್ನ ಕಂಕುಳಲ್ಲಿ ಇಟ್ಕೊಂಡು ಕಾರಿಡಾರಲ್ಲಿ ಓಡಾಡ್ತಿದ್ದೆ, ಈಗಿನ ಲೆಕ್ಕದಲ್ಲಿ ನನ್ನನ್ನ ಗೇಟಲ್ಲೇ ಹಿಡೀಬೇಕಿತ್ತು. ಅಷ್ಟು ವರ್ಷದಲ್ಲಿ ಕೈವಾರದಿಂದ ಆದ ಗಾಯ ಎಲ್ಲಾ ಡೆಸ್ಕಿಗೆ. ಒಬ್ಬೊಬ್ಬರ ಹೆಸರಿನ ಮೊದಲ ಅಕ್ಷರ, ಹೃದಯ, ಬಾಣ. ಎರಡು ಸಲ ಮಾತ್ರ ಕೈಗೆ ಚುಚ್ಕೊಂಡ್ರು, ಡೆಟ್ಟಾಲ್ ಹಚ್ಚಿ ಇಬ್ರನ್ನೂ ಒಂದೇ ಬೆಂಚಲ್ಲಿ ಕೂರಿಸ್ದೆ, ಅವರಲ್ಲಿ ಒಬ್ಬ ಈಗ ಮಂಡಿಪೇಟೆಲಿ ಅಂಗಡಿ ಇಟ್ಟಿದಾನೆ, ನಂಗೆ ಬೆಲ್ಲಕ್ಕೆ ಎರಡು ರೂಪಾಯಿ ಕಮ್ಮಿ ಮಾಡ್ತಾನೆ.

ನಿಮ್ ಪ್ರಶ್ನೆಗೆ ಬರೋಣ. ನಾನು ಆ ಶಾಲೆಯ ಒಬ್ಬ ಮಿಸ್‌ನ (ನನ್ ಸ್ಟೂಡೆಂಟೇ) ಕೇಳ್ದೆ, ಏನಮ್ಮ ನಡೀತು ಅಂತ. ಅವಳು ಹೇಳಿದ್ದು, ಹುಡುಗನ ಬ್ಯಾಗ್ ತೂತಾಗಿ ಕೈವಾರದ ಮೊನೆ ಹೊರಗೆ ಬಂದಿತ್ತು, ಬಾಕ್ಸೊಳಗೆ ಇಡೋ ಅಂತ ಕ್ಲಾಸ್ ಟೀಚರ್ ಅಂದ್ರು, ಪಕ್ಕದ ಹುಡುಗಿ ಮನೇಲಿ "ಇವತ್ತು ಬೈಸ್ಕೊಂಡ" ಅಂದ್ಲು, ಅವರಮ್ಮ "ಬ್ಯಾಗಲ್ಲಿ ಏನೋ ಚೂಪಂದು ಸಿಕ್ತಂತೆ" ಅಂತ ಹಾಕಿದ್ರು, ಮಧ್ಯಾಹ್ನಕ್ಕೆ ಅದು ಚಾಕು, ನಾಲ್ಕು ಗಂಟೆಗೆ ಮಚ್ಚು, ರಾತ್ರಿ ಊಟದ ಹೊತ್ತಿಗೆ ಹಿಂದೆ ಒಂದು ಗ್ಯಾಂಗ್ ಇದೆ ಅಂತ ಆಯ್ತು. ಐದನೇ ಕ್ಲಾಸಿನ ಗ್ಯಾಂಗ್! ಆ ಗ್ಯಾಂಗ್‌ಗೆ ಇನ್ನೂ ಶೂ ಲೇಸ್ ಕಟ್ಟೋಕೆ ಬರಲ್ಲ. ಹಗ್ಗ ನೋಡಿ ಹಾವು ಅನ್ನೋದು ಹಳೇ ಮಾತಾಯ್ತು, ನೀವು ಹಾವು ಮಾಡಿ, ಹೆಡೆ ಹಚ್ಚಿ, ಎರಡು ಗ್ರೂಪಿಗೆ ಕಳಿಸಿ, ಆಮೇಲೆ ಹಾವಿದೆ ಅಂತ ನಂಗೆ ಪತ್ರ ಬರ್ದಿದೀರಿ. ಇಂಥದ್ದಕ್ಕೇ 2018ರಲ್ಲಿ ವಾಟ್ಸಾಪ್ ಕಂಪನಿಯವರು ನಮ್ಮ ದೇಶದಲ್ಲಿ ಒಂದ್ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಕಡಿವಾಣ ಹಾಕಿದ್ದು, 2020ರಲ್ಲಿ ತುಂಬಾ ಸುತ್ತಾಡಿ ಬಂದ ಮೆಸೇಜನ್ನ ಒಂದ್ಸಲಕ್ಕೆ ಒಂದೇ ಚಾಟಿಗೆ ಅಂದಿದ್ದು. ನೀವು ಎರಡಕ್ಕೆ ಕಳಿಸಿದ್ರಿ ಅಂದ್ರೆ ಎರಡು ಸಲ ಯೋಚನೆ ಮಾಡೋಕೆ ಟೈಮ್ ಸಿಕ್ಕಿತ್ತು.

ಪ್ರಶ್ನೆ: ಅಕ್ಕಾರೆ, ನಮ್ದು ಚಿತ್ರದುರ್ಗ. ನವೆಂಬರ್ 11ಕ್ಕೆ ಓಬವ್ವ ಜಯಂತಿ ಅಂತ ಮಗಳ ಶಾಲೇಲಿ ವೇಷಭೂಷಣ ಸ್ಪರ್ಧೆ ಇತ್ತು. ರಾತ್ರಿ ಹನ್ನೆರಡರ ತನಕ ಕೂತು ಥರ್ಮಾಕೋಲಲ್ಲಿ ಒನಕೆ ಮಾಡಿ ಕಂದು ಬಣ್ಣ ಬಳ್ದಿದ್ದೆ. ಬೆಳಿಗ್ಗೆ ಗೇಟಲ್ಲಿ ಸೆಕ್ಯುರಿಟಿಯವನು "ಹೊಸಾ ರೂಲ್ಸು, ಆಯುಧದ ತರ ಇರೋದು ಒಳಗೆ ಬಿಡಂಗಿಲ್ಲ" ಅಂತ ಇಸ್ಕೊಂಡ. ಮಗಳು ಬರೀ ಕೈಯಲ್ಲಿ ಸ್ಟೇಜ್ ಹತ್ತಿ ಅತ್ಕೊಂಡು ಬಂದ್ಲು. ಜಡ್ಜು "ಯಾರಮ್ಮ ನೀನು" ಅಂತ ಕೇಳಿದ್ರಂತೆ. ಯಾರಿಗೆ ಕಂಪ್ಲೇಂಟ್ ಕೊಡ್ಲಿ?

ಉತ್ತರ: ಅಯ್ಯೋ ನನ್ನವ್ವ, ಈ ಪತ್ರ ಓದಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಏಳು ಸುತ್ತಿನ ಕೋಟೆ ಊರಲ್ಲಿ, ಓಬವ್ವನ ಹಬ್ಬದ ದಿನಾನೇ, ಓಬವ್ವನ ಒನಕೆ ಜಪ್ತಿ! ಗಂಡ ಊಟಕ್ಕೆ ಕೂತಿದ್ದ, ನೀರು ತರೋಕೆ ಹೋದೋಳಿಗೆ ಕಿಂಡೀಲಿ ಹೈದರಾಲಿ ಸಿಪಾಯಿಗಳು ನುಸುಳ್ತಿದ್ದದ್ದು ಕಾಣ್ತು ಅಂತ ತಾನೆ ಕಥೆ. ಅವತ್ತು ಈ ಸೇಫ್ಟಿ ಕಮಿಟಿ ಇದ್ದಿದ್ರೆ "ಅಮ್ಮಾ ಒನಕೆ ರಿಜಿಸ್ಟರಲ್ಲಿ ಎಂಟ್ರಿ ಮಾಡಿಸ್ರಿ, ಐಡಿ ಕಾರ್ಡ್ ತೋರಿಸ್ರಿ" ಅನ್ನೋದ್ರೊಳಗೆ ದುರ್ಗ ಆಗ್ಲೇ ಹೋಗಿರೋದು, 1779ರ ತನಕ ಕಾಯೋ ಕೆಲಸಾನೇ ಇರ್ತಿರ್ಲಿಲ್ಲ. ಕಂಪ್ಲೇಂಟ್ ಬೇಡ ಬಿಡ್ರಿ. ಹೆಡ್‌ಮಾಸ್ಟ್ರಿಗೆ ಹೇಳಿ ಇನ್ನೊಂದು ದಿನ ಪ್ರೇಯರ್ ಟೈಮಲ್ಲಿ ಒನಕೆ ಸಮೇತ ಒಂದು ನಿಮಿಷ ಸ್ಟೇಜ್ ಕೊಡಿಸ್ರಿ. ಮತ್ತೆ ಆ ಸೆಕ್ಯುರಿಟಿ ತಮ್ಮನ ಮೇಲೆ ಸಿಟ್ಟಾಗ್ಬೇಡ್ರಿ, ಅವನು ಹೇಳಿದ್ದು ಮಾಡ್ದ, ಹೇಳಿದೋರು ಮನೇಲಿ ಎಸಿ ಹಾಕ್ಕೊಂಡು ಗ್ರೂಪಲ್ಲಿ ಥಂಬ್ಸಪ್ ಒತ್ತಿದೋರು.

ಪ್ರಶ್ನೆ: ನಮ್ಮ ಶಾಲೇಲಿ ಪೇರೆಂಟ್ಸ್ ಎಲ್ಲಾ ಸೇರಿ ಮೆಟಲ್ ಡಿಟೆಕ್ಟರ್ ಹಾಕ್ಸೋಣ ಅಂತ ಒತ್ತಾಯ ಮಾಡ್ತಿದೀವಿ, ಅಮೆರಿಕದಲ್ಲಿ ಆಗೋದು ನಾಳೆ ಇಲ್ಲೂ ಆಗುತ್ತೆ. ಕೆಲವರು ಫೀಸ್ ಜಾಸ್ತಿ ಆಗುತ್ತೆ ಅಂತ ಅಡ್ಡ ಬರ್ತಿದಾರೆ. ನಿಮ್ಮ ಅಭಿಪ್ರಾಯ?
ಪಿ.ಜೆ. ಬಡಾವಣೆ

ಉತ್ತರ: ಅಮೆರಿಕದ್ದು ಬೇರೆ ಕಥೆ, ಅದನ್ನ ನಗೆಯಾಡೋ ಹಂಗಿಲ್ಲ. 1999ರ ಏಪ್ರಿಲ್ 20ಕ್ಕೆ ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಲ್ಲಿ ಇಬ್ಬರು ಹುಡುಗ್ರು ಬಂದೂಕು ಹಿಡ್ಕೊಂಡು ಹೋಗಿ ಹನ್ನೆರಡು ಮಕ್ಕಳನ್ನ, ಒಬ್ಬ ಮೇಷ್ಟ್ರನ್ನ ಕೊಂದ್ರು. ಆ ಮಕ್ಕಳ ಅಪ್ಪ ಅಮ್ಮನ ಭಯ ಸುಳ್ಳಲ್ಲ. ಆದ್ರೆ ಆಮೇಲೆ ದೊಡ್ಡೋರು ಮಾಡಿದ್ದು ನೋಡ್ರಿ. ಆ ಹುಡುಗ್ರ ಕೈಗೆ ಬಂದೂಕು ಹೆಂಗೆ ಬಂತು ಅಂತ ಕೇಳೋದಕ್ಕಿಂತ ಜೋರಾಗಿ ಯಾವ ಹಾಡು ಕೇಳ್ತಿದ್ರು, ಯಾವ ವಿಡಿಯೋ ಗೇಮ್ ಆಡ್ತಿದ್ರು, ಎಷ್ಟುದ್ದ ಕೋಟ್ ಹಾಕ್ತಿದ್ರು ಅಂತ ಕೇಳಿದ್ರು. ಕೆಲವು ಶಾಲೇಲಿ ಉದ್ದ ಕೋಟೇ ಬ್ಯಾನ್. ಬಂದೂಕು ಮಾತ್ರ ಅಂಗಡೀಲೇ ಇತ್ತು. ಅಲ್ಲಿಯ "ಜೀರೋ ಟಾಲರೆನ್ಸ್" ಎಲ್ಲಿಗೆ ಬಂತು ಅಂದ್ರೆ 2013ರಲ್ಲಿ ಮೇರಿಲ್ಯಾಂಡಲ್ಲಿ ಏಳು ವರ್ಷದ ಹುಡುಗ ತಿಂಡಿ ಕಚ್ಚಿ ಕಚ್ಚಿ ಪಿಸ್ತೂಲ್ ಆಕಾರ ಮಾಡಿದ ಅಂತ ಎರಡು ದಿನ ಸಸ್ಪೆಂಡ್ ಮಾಡಿದ್ರು. ತಿಂಡಿ ಕಣ್ರಿ! ನಮ್ಮೂರಲ್ಲಿ ಈ ರೂಲ್ಸ್ ಬಂದ್ರೆ ಬೆಣ್ಣೆ ದೋಸೆ ಹೋಟೆಲ್ ಮುಂದೆ ಪೊಲೀಸ್ ಜೀಪ್ ನಿಲ್ಬೇಕಾಗುತ್ತೆ, ನಮ್ ಮಕ್ಕಳು ದೋಸೆ ಮುರಿಯೋದು ನೋಡಿದ್ರೆ ಒಂದೊಂದು ತುಂಡೂ ಎಕೆ 47.

ಇಲ್ಲಿ ಬಂದೂಕಿಗೆ ಲೈಸೆನ್ಸ್ ಬೇಕು, ಎಲೆಕ್ಷನ್ ಬಂದ್ರೆ ಸ್ಟೇಷನ್ನಿಗೆ ಡಿಪಾಸಿಟ್ ಮಾಡ್ಬೇಕು. ನಿಮ್ ಮನೇಲಿ ಇರೋ ಬಂದೂಕು ಯಾವುದು ಹೇಳ್ಲಾ, ದುಗ್ಗಮ್ಮನ ಜಾತ್ರೇಲಿ ಮಗ ಹಟ ಮಾಡ್ದ ಅಂತ ನೀವೇ ಕೊಡ್ಸಿದ್ದು, ರೋಲ್ ಕ್ಯಾಪ್ ಹಾಕಿ ಚಟಪಟ ಅನ್ಸೋದು. ಮೆಟಲ್ ಡಿಟೆಕ್ಟರ್ ಹಾಕ್ಸಿದ್ರೆ ಅದು ಬೆಳಿಗ್ಗೆ ಎಂಟೂವರೆಗೆ ಸಾವಿರ ಸ್ಟೀಲ್ ಟಿಫಿನ್ ಬಾಕ್ಸಿಗೆ, ಸಾವಿರ ನೀರಿನ ಬಾಟಲಿಗೆ, ಅಷ್ಟೂ ಬೆಲ್ಟಿನ ಬಕಲಿಗೆ ಕುಯ್ಯಂತ ಅನ್ನುತ್ತೆ, ಮೂರನೇ ದಿನ ಅದರ ವೈರ್ ಕಿತ್ತು ನಮಸ್ಕಾರ ಹಾಕ್ತಾರೆ. ಮೇಲಿನ ಅಕ್ಕನ ಪತ್ರ ನೋಡಿದ್ರಲ್ಲ, ಒನಕೆಗೆ ಅದು ಬೀಪ್ ಕೂಡ ಅನ್ನಲ್ಲ. ಆ ದುಡ್ಡಲ್ಲಿ ಒಬ್ಬ ಕೌನ್ಸಿಲರ್‌ನ ಇಡಿ ಅಂದ್ರೆ ಮಾತ್ರ "ನಮ್ ಮಕ್ಕಳಿಗೇನು ಹುಚ್ಚಾ" ಅಂತೀರಿ, ಗೊತ್ತು ನಂಗೆ.

ಪ್ರಶ್ನೆ: ಯುಕೆಜಿ ಓದೋ ನನ್ ಮಗಳ ಕೆನ್ನೆಗೆ ಪಕ್ಕದ ಹುಡುಗ ಪೆನ್ಸಿಲಲ್ಲಿ ಗೀಚಿದಾನೆ. ಪೊಲೀಸ್ ಕಂಪ್ಲೇಂಟ್ ಕೊಟ್ರೆ ಎಫ್‌ಐಆರ್ ಆಗುತ್ತಾ?

ಉತ್ತರ: ಆಗಲ್ಲ. ಏಳು ವರ್ಷದ ಒಳಗಿನ ಮಗು ಮಾಡಿದ್ದು ಯಾವುದೂ ಅಪರಾಧ ಅಲ್ಲ ಅಂತ ಬ್ರಿಟಿಷರ ಕಾಲದ ಐಪಿಸಿಲೂ ಇತ್ತು, 2024ರ ಜುಲೈ 1ಕ್ಕೆ ಬಂದ ಹೊಸ ನ್ಯಾಯ ಸಂಹಿತೆಯ 20ನೇ ಸೆಕ್ಷನಲ್ಲೂ ಐತಿ. ಕಾನೂನು ಬರ್ದೋರಿಗೂ ಯುಕೆಜಿ ಮಕ್ಕಳಿದ್ರು ಅನ್ಸುತ್ತೆ. ತೆಂಗಿನೆಣ್ಣೆ ಹಚ್ಚಿ. ಮಗಳು ಅವನಿಗೆ ಏನ್ ಮಾಡಿದ್ಲು ಅಂತಾನೂ ಒಂದ್ ಮಾತು ಕೇಳ್ರಿ.

ಪ್ರಶ್ನೆ: ಮಾನ್ಯರೇ, ನಾನು 74 ವರ್ಷದ ನಿವೃತ್ತ ನೌಕರ, ಹರಿಹರ. ಈಗಿನ ಅನಾಹುತಕ್ಕೆಲ್ಲಾ ಕಾರಣ ಶಾಲೆಯಲ್ಲಿ ಬೆತ್ತ ಹೋಗಿದ್ದು. ನಮ್ಮ ಕಾಲದಲ್ಲಿ ಛಡಿ ಛಂ ಛಂ, ವಿದ್ಯಾ ಘಂ ಘಂ. ನಮ್ಮ ತಂದೆಯವರು ನನ್ನನ್ನು ಶಾಲೆಗೆ ಸೇರಿಸುವಾಗ "ಕಣ್ಣೆರಡು ಬಿಟ್ಟು ಉಳಿದದ್ದೆಲ್ಲಾ ನಿಮ್ಮದು ಮೇಷ್ಟ್ರೆ" ಎಂದಿದ್ದರು. ನಾವೆಲ್ಲಾ ಶಿಸ್ತಾಗಿ ಬೆಳೆಯಲಿಲ್ಲವೇ? ಹಿಂಸೆ ನಿಲ್ಲಬೇಕಾದರೆ ಬೆತ್ತ ವಾಪಸ್ ಬರಬೇಕು.

ಉತ್ತರ: ಯಜಮಾನ್ರೆ, ನಿಮ್ಮ ಪತ್ರ ಎರಡು ಸಲ ಓದಿದೆ. ಶಾಲೇಲಿ ಮಕ್ಕಳನ್ನ ಯಾರೂ ಹೊಡೀಬಾರ್ದು, ಅದಕ್ಕೆ ನಾವು ಮಕ್ಕಳನ್ನ ಹೊಡೀಬೇಕು, ಇಷ್ಟೇ ಅಲ್ವಾ ನೀವು ಹೇಳಿದ್ದು? ಬೆತ್ತ ಬರಂಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯೋದೂ ಇಲ್ಲ, ಮಾತಲ್ಲಿ ಚುಚ್ಚಿ ಹಿಂಸೆ ಕೊಡೋದೂ ಇಲ್ಲ, ಮಾಡಿದ್ರೆ ಮೇಷ್ಟ್ರ ಮೇಲೆ ಇಲಾಖೆ ಕ್ರಮ ತಗೋಬೇಕು. ಕಾಯ್ದೆ 2009ರದ್ದು, ಜಾರಿ 2010ರ ಏಪ್ರಿಲ್ 1ರಿಂದ.

ಕಾನೂನು ಬಿಡ್ರಿ, ನನ್ ಕಥೆ ಹೇಳ್ತೀನಿ. ನಾನೂ ಬೆತ್ತ ಹಿಡಿದೋಳೇ. ಹುಣಸೆ ಬರಲು, ಬಿದಿರು, ಕೊನೆಗೆ ಮರದ ಸ್ಕೇಲು. ಎಂಟನೇ ಬಿ ಸೆಕ್ಷನಲ್ಲಿ ಒಬ್ಬ ಹುಡುಗ ಇದ್ದ, ದಿನಾ ಯಾರಿಗಾದ್ರೂ ಬಾರಿಸ್ತಿದ್ದ, ಒಂದ್ ದಿನ ಸಣ್ಣ ಹುಡುಗನ ತುಟಿ ಒಡ್ದು ರಕ್ತ ಬರ್ಸಿದ. ನಂಗೆ ಸಿಟ್ಟು ನೆತ್ತಿಗೇರಿ ಎಲ್ಲರ ಮುಂದೆ ನಿಲ್ಸಿ ಬಲಗೈಗೆ ಐದು ಕೊಟ್ಟೆ. ಅವನು ಅಳ್ಲಿಲ್ಲ, ಕೈ ಹಿಂದಕ್ಕೆ ಎಳ್ಕೊಳ್ಲಿಲ್ಲ. ಐದು ಆದ್ಮೇಲೆ ನಾನು ಏನೂ ಹೇಳೋಕೆ ಮುಂಚೆ ತಾನೇ ಎಡಗೈ ಮುಂದೆ ಹಿಡ್ದ. ಅಷ್ಟೇ. ಅದೊಂದು ಎಡಗೈ. ಅಷ್ಟು ಚೆನ್ನಾಗಿ ಪ್ರಾಕ್ಟೀಸ್ ಮಾಡ್ಸಿದೋರು ಯಾರು ಅಂತ ಮಾರನೇ ದಿನ ಅವನ ಅಪ್ಪ ಶಾಲೆಗೆ ಬಂದಾಗ ಗೊತ್ತಾಯ್ತು, ಬಂದೋನು ನಂಗೆ ಕೈ ಮುಗ್ದು "ಇನ್ನೂ ಹಾಕ್ಬೇಕಿತ್ರಿ ಮೇಡಂ" ಅಂದ. ನಾನು ಆ ಹುಡುಗನಿಗೆ ಹೊಡೀಬಾರ್ದು ಅನ್ನೋ ಪಾಠ ಹೊಡ್ದು ಹೇಳ್ತಿದ್ದೆ, ಅವನ ಅಪ್ಪನೂ ಅದನ್ನೇ ಮಾಡ್ತಿದ್ದ, ಅವನು ಕಲಿತಿದ್ದು ಮಾತ್ರ ನಮ್ಮಿಬ್ಬರ ಬಾಯಿಂದ ಅಲ್ಲ, ಕೈಯಿಂದ. ಒಂದೇ ದಿನಕ್ಕೆ ನಾನು ಬದಲಾದೆ ಅಂತ ಸುಳ್ಳು ಹೇಳಲ್ಲ, ಸ್ಕೇಲ್ ಬಿಡೋಕೆ ಇನ್ನೂ ಮೂರ್ನಾಲ್ಕು ವರ್ಷ ಹಿಡೀತು.

ಮತ್ತೆ "ನಾವು ಶಿಸ್ತಾಗಿ ಬೆಳೆದ್ವಿ" ಅಂದ್ರಲ್ಲ, ನಿಮ್ಮ ಕಾಲದಲ್ಲಿ ಬೆತ್ತಕ್ಕೆ ಹೆದರಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಎಮ್ಮೆ ಕಾಯೋಕೆ ಹೋದೋರು, ಮಿಲ್ಲಿಗೆ ಸೇರಿದೋರು ಎಷ್ಟು ಜನ ನೆನಪು ಮಾಡ್ಕೊಳ್ರಿ. ಅವರ್ಯಾರೂ ಮ್ಯಾಗಜೀನಿಗೆ ಪತ್ರ ಬರ್ಯಲ್ಲ, ಅದಕ್ಕೇ ಬೆತ್ತದ ಲೆಕ್ಕ ಯಾವಾಗ್ಲೂ ಲಾಭದಲ್ಲೇ ಕಾಣುತ್ತೆ.

ಪ್ರಶ್ನೆ: ಎಲ್ಲಾ ಮೊಬೈಲ್ ಗೇಮಿಂದ ಕಣ್ರಿ ಮೇಡಂ. ಗೇಮ್ ಆಡಿ ಆಡಿ ಮಕ್ಕಳು ರಾಕ್ಷಸರಾಗ್ತಿದಾರೆ.
ಚಳ್ಳಕೆರೆ

ಉತ್ತರ: ನಿದ್ದೆ ಹಾಳಾಗುತ್ತೆ, ಕಣ್ಣು ಹಾಳಾಗುತ್ತೆ, ಓದೋದು ಹಾಳಾಗುತ್ತೆ, ಒಪ್ಕೊಂಡೆ. ರಾಕ್ಷಸರಾಗೋ ವಿಷಯ ಮಾತ್ರ ಪ್ರತಿ ತಲೆಮಾರಲ್ಲೂ ಹೇಳ್ತಾ ಬಂದಿದಾರೆ. 1954ರಲ್ಲಿ ಅಮೆರಿಕದ ಸೆನೆಟ್ ಕಮಿಟಿ ಕೂತು ವಿಚಾರಣೆ ಮಾಡಿದ್ದು ಯಾವುದನ್ನ ಗೊತ್ತಾ, ಚಿತ್ರಕಥೆ ಪುಸ್ತಕ, ಕಾಮಿಕ್ಸು! ಅದನ್ನ ಓದಿ ಮಕ್ಕಳು ಕೆಡ್ತಾರೆ ಅಂತ. ಈಗ ಮಕ್ಕಳು ಕಾಮಿಕ್ಸ್ ಓದಿದ್ರೆ ನಾವು ಫೋಟೋ ತೆಗ್ದು ಸ್ಟೇಟಸ್ ಹಾಕ್ತೀವಿ. 2017ರಲ್ಲಿ ಬ್ಲೂ ವೇಲ್ ಅಂತ ಒಂದು ಬಂತು, ಮಕ್ಕಳನ್ನ ಆತ್ಮಹತ್ಯೆಗೆ ದೂಡೋ ಆಟ ಅಂತ ಸುದ್ದಿ, ಆ ಆಟದ ಲಿಂಕ್ ತೆಗೀರಿ ಅಂತ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಹೇಳ್ತು, ಎಲ್ಲಾ ಶಾಲೇಲೂ ಭಾಷಣ, ನಾನೂ ಮಾಡ್ದೆ, ಕೈ ಮೇಲೆ ತಿಮಿಂಗಿಲ ಕುಯ್ಕೊಂಡಿದಾರಾ ಅಂತ ತೋಳು ಮಡಚಿ ನೋಡಿದ್ದೇ ನೋಡಿದ್ದು. ಮುಂದಿನ ವರ್ಷ ಲೋಕಸಭೇಲಿ ಸರ್ಕಾರ ಹೇಳಿದ್ದು, ತನಿಖೆ ಮಾಡಿದ ಯಾವ ಕೇಸಲ್ಲೂ ಆ ಆಟದ ಪಾತ್ರ ಸಾಬೀತಾಗ್ಲಿಲ್ಲ ಅಂತ. ಆ ಉತ್ತರ ಯಾವ ಗ್ರೂಪಿಗೂ ಫಾರ್ವರ್ಡ್ ಆಗ್ಲಿಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದು ದೆವ್ವನ ವಾಪಸ್ ಕಳಿಸ್ತಿದ್ದ ಜನ ನಾವು, ಆಗ ಖರ್ಚು ಒಂದು ಚಾಕ್‌ಪೀಸು, ಈಗ ಸಿಸಿ ಕ್ಯಾಮೆರಾ.

ಬೆಂಗಳೂರಲ್ಲಿ 2023ರ ಡಿಸೆಂಬರ್ 1ಕ್ಕೆ 60ಕ್ಕೂ ಹೆಚ್ಚು ಶಾಲೆಗೆ ಬಾಂಬ್ ಇದೆ ಅಂತ ಇಮೇಲ್ ಬಂತಲ್ಲ, ಹುಸಿ ಅಂತಾನೇ ಆಯ್ತು. ಹಂಗಂತ ಮಕ್ಕಳನ್ನ ಹೊರಗೆ ಕಳಿಸಿ ಹುಡುಕಿದ್ದು ತಪ್ಪಲ್ಲ. ಹುಡುಕೋದು ಬೇರೆ, ಹುಯಿಲೆಬ್ಬಿಸೋದು ಬೇರೆ ಅಂತಷ್ಟೇ ನಾನು ಹೇಳೋದು.

ಪ್ರಶ್ನೆ: ನಮ್ ಏರಿಯಾ ಶಾಲೆ ಹತ್ರ ಒಬ್ಬ ಅಪರಿಚಿತ ಮಕ್ಕಳಿಗೆ ಚಾಕ್ಲೇಟ್ ಕೊಡ್ತಿದ್ದ ಅಂತ ಫೋಟೋ ಬಂದಿದೆ. ನಾವು ಹತ್ತು ಜನ ತಂದೆಯರು ಸೇರಿ ಬೆಳಿಗ್ಗೆ ಸಂಜೆ ದೊಣ್ಣೆ ಹಿಡ್ಕೊಂಡು ಗಸ್ತು ಹೊಡೀಬೇಕು ಅಂತ ಮಾಡಿದೀವಿ. ಇದಕ್ಕೆ ಪರ್ಮಿಷನ್ ಬೇಕಾ?

ಉತ್ತರ: ಇದೊಂದು ಪ್ರಶ್ನೆಗೆ ನಂಗೆ ತಮಾಷೆ ಬರ್ತಿಲ್ಲ. 2018ರ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆ ಮುರ್ಕಿಯಲ್ಲಿ ಆಗಿದ್ದು ನೆನಪಿದೆಯಾ? ಹೈದರಾಬಾದ್ ಕಡೆಯಿಂದ ಬಂದಿದ್ದ ಸ್ನೇಹಿತರು ದಾರೀಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ರು, ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ವಿಡಿಯೋ ಹೋಯ್ತು, ಕಾರು ಓಡ್ಸಿದ್ರೂ ಮುಂದಿನ ಊರಲ್ಲಿ ಜನ ಕಾಯ್ತಿದ್ರು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್‌ನ ಹೊಡ್ದು ಸಾಯಿಸಿದ್ರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಲೂ ಇಂಥದ್ದೇ ಸುದ್ದಿಗೆ ಒಬ್ಬನ ಜೀವ ಹೋಯ್ತು. ಮಕ್ಕಳನ್ನ ಉಳಿಸೋಕೆ ಅಂತ ಹೊರಟೋರೇ ಎರಡೂ ಕಡೆ.

ದೊಣ್ಣೆ ಮನೇಲಿ ಇಟ್ಟು 112ಕ್ಕೆ ಫೋನ್ ಮಾಡ್ರಿ, ಮಕ್ಕಳ ವಿಷಯ ಆದ್ರೆ 1098. ಆ ಫೋಟೋ ಡಿಲೀಟ್ ಮಾಡ್ರಿ. ಬೆಳಿಗ್ಗೆ ಸಂಜೆ ಶಾಲೆ ಮುಂದೆ ನಿಲ್ಲೋಕೆ ಟೈಮ್ ಇದ್ರೆ ಬರೀ ಕೈಯಲ್ಲಿ ನಿಂತು ಹನ್ನೆರಡು ಮಕ್ಕಳನ್ನ ತುಂಬ್ಕೊಂಡು ಬರೋ ಆಟೋ ನಿಲ್ಲಿಸಿ, ಡ್ರೈವರ್ ಪಕ್ಕ ಅರ್ಧ ಸೀಟಲ್ಲಿ ನೇತಾಡೋ ಮಗು ಒಳಗೆ ಕೂರ್ಸಿ. ಹೆಲ್ಮೆಟ್ ಇಲ್ಲದೆ ಮೂರು ಮಕ್ಕಳನ್ನ ಬೈಕಲ್ಲಿ ತರೋ ಅಪ್ಪಂದಿರನ್ನ ನಿಲ್ಲಿಸಿ. ನಿಮ್ಮ ಹತ್ತು ಜನದಲ್ಲೇ ನಾಲ್ಕು ಜನ ಸಿಗ್ತಾರೆ ಅನ್ಸುತ್ತೆ.

ಪ್ರಶ್ನೆ: ಶಾಲೆ ಬಸ್ಸಲ್ಲಿ ಜಗಳ ಜಾಸ್ತಿ, ಅದಕ್ಕೆ ಒಂಬತ್ತನೇ ಕ್ಲಾಸ್ ಮಗನಿಗೆ ಸೇಫ್ಟಿಗೆ ಅಂತ ಸ್ಕೂಟರ್ ಕೊಡ್ಸಿದೀನಿ. ಸರಿ ತಾನೆ?

ಉತ್ತರ: ಸಿಕ್ಕಿಬಿದ್ರೆ ಗಾಡಿ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಗಾಡಿ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿ. ಇಷ್ಟು ಸೇಫ್ ಆದದ್ದು ಇನ್ನೊಂದಿಲ್ಲ.

ಪ್ರಶ್ನೆ: ಅಕ್ಕಾ, ಹೆಸರು ಹಾಕ್ಬೇಡಿ. ಮಗ ಏಳನೇ ಕ್ಲಾಸು. ಎರಡು ತಿಂಗಳಿಂದ ಸೋಮವಾರ ಬೆಳಿಗ್ಗೆ ಬಂದ್ರೆ ಹೊಟ್ಟೆನೋವು ಅಂತಾನೆ. ಡಾಕ್ಟರ್ ಏನೂ ಇಲ್ಲ ಅಂದ್ರು. ಟಿಫಿನ್ ಬಾಕ್ಸ್ ಖಾಲಿ ಆಗಿ ಬರುತ್ತೆ, ಆದ್ರೆ ಮನೆಗೆ ಬಂದ ತಕ್ಷಣ ಹಸಿವು ಅಂತ ಎರಡು ತಟ್ಟೆ ಅನ್ನ ತಿಂತಾನೆ. ನೋಟ್ಸ್ ಎರಡು ಸಲ ಹರಿದಿತ್ತು. ಒತ್ತಾಯ ಮಾಡಿ ಕೇಳಿದ್ಮೇಲೆ ಒಬ್ಬ ಹುಡುಗನ ಹೆಸರು ಹೇಳ್ದ. ಪೇರೆಂಟ್ಸ್ ಗ್ರೂಪಲ್ಲಿ ಹೆಸರು ಹೇಳದೆ ಕೇಳಿದ್ರೆ "ಮಂಡಕ್ಕಿ ಭಟ್ಟಿ ಕಡೆ ಹುಡುಗ್ರು ಇರ್ಬೇಕು, ಅಂಥೋರಿಗೆ ಸೀಟ್ ಕೊಟ್ಟಿದ್ದೇ ತಪ್ಪು" ಅಂದ್ರು, ಕೆಲವರು ಕರಾಟೆಗೆ ಹಾಕಿ ಅಂದ್ರು, ಒಬ್ರು ಪೆಪ್ಪರ್ ಸ್ಪ್ರೇ ಲಿಂಕ್ ಕಳ್ಸಿದ್ರು. ಅಕ್ಕಾ, ಆ ಹುಡುಗ ಭಟ್ಟಿ ಕಡೆಯೋನಲ್ಲ. ಅವನ ಅಪ್ಪನೇ ಆ ಗ್ರೂಪಿನ ಅಡ್ಮಿನ್. ಮೆಟಲ್ ಡಿಟೆಕ್ಟರ್ ಬೇಕು ಅಂತ ಮೊದಲು ಹಾಕಿದ್ದೂ ಅವ್ರೇ. ಏನ್ ಮಾಡ್ಲಿ?

ಉತ್ತರ: ತಂಗಿ, ಈ ರಾಶಿ ಪತ್ರದಲ್ಲಿ ನಿಜವಾದ ಹಿಂಸೆ ಇರೋದು ನಿಂದೊಂದರಲ್ಲೇ. ನೋಡು, ಅದರಲ್ಲಿ ರಕ್ತ ಇಲ್ಲ, ಆಯುಧ ಇಲ್ಲ, ಫೋಟೋ ತೆಗೆಯೋ ಅಂಥದ್ದು ಏನೂ ಇಲ್ಲ, ಒಂದು ಖಾಲಿ ಟಿಫಿನ್ ಬಾಕ್ಸು. ಅದಕ್ಕೇ ಗ್ರೂಪಿಗೆ ಕಾಣ್ಲಿಲ್ಲ. ಅವರಿಗೆ ಬೇಕಿದ್ದದ್ದು ಹೊರಗಿಂದ ಬರೋ ರಾಕ್ಷಸ, ಗೇಟಲ್ಲಿ ನಿಲ್ಲಿಸಬಹುದಾದೋನು. ಭಟ್ಟಿ ಕಡೆ ಮಕ್ಕಳು ಅಂದ್ರಲ್ಲ, ಅವರ ಅವ್ವ ಅಪ್ಪ ಬೆಂಕಿ ಮುಂದೆ ಬೆವರು ಸುರಿಸಿ ಹುರಿದ ಮಂಡಕ್ಕೀನೇ ಇವರು ಸಂಜೆ ಮೆಣಸಿನಕಾಯಿ ಜೊತೆ ತಿಂದ್ಕೊಂಡು ಈ ಮೆಸೇಜ್ ಟೈಪ್ ಮಾಡಿರ್ತಾರೆ. ಎಣ್ಣೆ ಕೈ ಸ್ಕ್ರೀನಿಗೆ ಹತ್ತಿರುತ್ತೆ.

ಈಗ ಮಾಡೋದು. ಮಗನ್ನ ಮತ್ತೆ ಮತ್ತೆ ವಿಚಾರಣೆ ಮಾಡ್ಬೇಡ, "ನೀನ್ಯಾಕೆ ತಿರುಗಿಸಿ ಕೊಡ್ಲಿಲ್ಲ" ಅಂತ ಅವನಪ್ಪನೂ ಅನ್ನೋದು ಬೇಡ, ಅದು ಎರಡನೇ ಏಟು. ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ ಅಂತ ಒಂದ್ಸಲ ಹೇಳು ಸಾಕು. ಯಾವ ದಿನ ಏನಾಯ್ತು ಅಂತ ಒಂದು ಹಾಳೇಲಿ ಬರ್ದಿಡು, ಹರಿದ ನೋಟ್ಸ್ ಬಿಸಾಕ್ಬೇಡ. ಮೊದಲು ಕ್ಲಾಸ್ ಟೀಚರ್ ಹತ್ರ ಒಬ್ಬಳೇ ಹೋಗು, ಮಧ್ಯಾಹ್ನ ಊಟದ ಬೆಲ್ ಆದ್ಮೇಲೆ ಆ ಕ್ಲಾಸಲ್ಲಿ ಯಾರಿರ್ತಾರೆ ಅಂತ ಕೇಳು, ಬಹಳ ಕಡೆ ಆ ಅರ್ಧ ಗಂಟೆ ಯಾರೂ ಇರಲ್ಲ, ನಾವೆಲ್ಲಾ ಸ್ಟಾಫ್ ರೂಮಲ್ಲಿ ಕೂತು ಡಬ್ಬಿ ಬಿಚ್ಚಿರ್ತೀವಿ, ನಾನೂ ಹಂಗೇ ಕೂತೋಳು. ಒಂದು ವಾರ ನೋಡು. ಆಗ್ಲಿಲ್ಲ ಅಂದ್ರೆ ಹೆಡ್‌ಮಾಸ್ಟ್ರಿಗೆ ಬರವಣಿಗೇಲಿ ಕೊಟ್ಟು ಸೀಲ್ ಹಾಕಿಸ್ಕೊ, ಅಲ್ಲೂ ಆಗ್ಲಿಲ್ಲ ಅಂದ್ರೆ ಬಿಇಒ ಆಫೀಸು. 1098 ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ. ಮಗ ಮಾತೇ ಆಡದೆ ಕೂತ್ರೆ, ನಿದ್ದೆ ಬಿಟ್ರೆ, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಮಾಡು, ಕನ್ನಡದಲ್ಲೇ ಮಾತಾಡ್ತಾರೆ. ಗ್ರೂಪಲ್ಲಿ ಮಾತ್ರ ಆ ಹುಡುಗನ ಹೆಸರು ಹಾಕ್ಬೇಡ, ಎಷ್ಟೇ ಕೈ ತುರಿಸಿದ್ರೂ. ಹಾಕಿದ ದಿನ ನಿನ್ನ ಮಗ ಗೆಲ್ಲಲ್ಲ, ಇನ್ನೂರು ಮೆಸೇಜ್ ಗೆಲ್ಲುತ್ತೆ, ಆಮೇಲೆ ಆ ಹುಡುಗ ಮನೇಲಿ ಏನು ತಿಂತಾನೋ ಅದರ ಬಡ್ಡಿ ಸಮೇತ ನಿನ್ನ ಮಗನಿಗೇ ಬರುತ್ತೆ.

ಟೀಚರ್‌ಗೆ ಇನ್ನೊಂದು ಮಾತು ಹೇಳು, ನಾನಂದೆ ಅಂತಾನೇ ಹೇಳು. ಆ ಹುಡುಗನ್ನ ಕರೆದು ಬೈಯೋಕೆ ಮುಂಚೆ ಒಂದ್ಸಲ ಸುಮ್ನೆ ಕೈ ಎತ್ತಿ ತಲೆ ಸವರೋಕೆ ಹೋಗಿ ನೋಡಿ, ಮುಖ ಮುಚ್ಕೊಂಡು ಹಿಂದೆ ಸರೀತಾನಾ ಅಂತ. ನನ್ನ ಎಂಟನೇ ಬಿ ಹುಡುಗನ್ನ ನಾನು ಹಂಗೆ ನೋಡ್ಲಿಲ್ಲ.

ಕರಾಟೆಗೆ ಅವನಿಗೆ ಇಷ್ಟ ಇದ್ರೆ ಹಾಕು, ಒಳ್ಳೇದೇ. ಪೆಪ್ಪರ್ ಸ್ಪ್ರೇ ಬೇಡ್ವೇ ಬೇಡ, ಆ ಲಿಂಕ್ ಕಳ್ಸಿದೋರ ಮನೆ ಅಡುಗೆಗೆ ಇಟ್ಕೊಳ್ಲಿ. ಮುಂದಿನ ತಿಂಗಳು ನಂಗೆ ಇನ್ನೊಂದು ಪತ್ರ ಬರಿ, ಇಲ್ಲಿ ಹಾಕಲ್ಲ, ನಾನೇ ಉತ್ತರ ಬರೀತೀನಿ.

ಪ್ರಶ್ನೆ: ಮಿಸ್, ನಾನು ಐದನೇ ಕ್ಲಾಸು. ನನ್ ಕೈವಾರನೇ ಸಿಕ್ಕಿದ್ದು. ಅದನ್ನ ಆಫೀಸ್ ರೂಮಲ್ಲಿ ಇಟ್ಕೊಂಡಿದಾರೆ, ವಾಪಸ್ ಕೊಟ್ಟಿಲ್ಲ. ಗುರುವಾರ ಟೆಸ್ಟಲ್ಲಿ ವೃತ್ತ ಎಳೆದು ಕೇಂದ್ರ ಗುರ್ತಿಸಿ ಅಂತ ಬರುತ್ತೆ. ಕೈವಾರ ತರಂಗಿಲ್ಲ ಅಂತಾರೆ, ಆದ್ರೆ ವೃತ್ತ ಎಳೀಲೇಬೇಕು ಅಂತಾನೂ ಅಂತಾರೆ. ಹೆಂಗೆ ಎಳೀಲಿ?

ಉತ್ತರ: ಪುಟ್ಟಾ, ನಿಮ್ಮವ್ವನ ಹತ್ರ ಒಂದು ಬಳೆ ಇಸ್ಕೊ, ಗಾಜಿಂದು ಬೇಡ, ಒಡೆದ್ರೆ ಅದನ್ನೂ ಆಯುಧ ಅಂತಾರೆ, ಪ್ಲಾಸ್ಟಿಕ್‌ದು ತಗೊ. ಬಳೆ ಒತ್ತಿ ಹಿಡ್ಕೊಂಡು ಒಳಗಡೆಯಿಂದ ಪೆನ್ಸಿಲ್ ಸುತ್ತಿಸು, ವೃತ್ತ ಆಯ್ತು. ಕೇಂದ್ರ ಬೇಕು ಅಂದ್ರೆ ಅದೇ ಬಳೇಲಿ ರಫ್ ಹಾಳೆ ಮೇಲೆ ಇನ್ನೊಂದು ವೃತ್ತ ಎಳ್ದು, ಅದನ್ನ ಗೆರೆ ಮೇಲೇ ಬಿಡಿಸ್ಕೊ, ಅಂಚಿಗೆ ಅಂಚು ಸರಿಯಾಗಿ ಕೂರೋ ಹಂಗೆ ಅರ್ಧಕ್ಕೆ ಮಡಚು, ಬಿಚ್ಚು, ಇನ್ನೊಂದು ಕಡೆಯಿಂದ ಮತ್ತೆ ಅರ್ಧಕ್ಕೆ ಮಡಚು. ಎರಡು ಮಡಿಕೆ ಎಲ್ಲಿ ಒಂದನ್ನೊಂದು ದಾಟ್ತಾವೋ ಅದೇ ಕೇಂದ್ರ. ಅದನ್ನ ಉತ್ತರದ ವೃತ್ತದ ಮೇಲಿಟ್ಟು ಆ ಜಾಗದಲ್ಲಿ ಪೆನ್ಸಿಲ್ ಮೊನೆ ಒತ್ತು, ಕೆಳಗೆ ಗುರುತು ಬೀಳುತ್ತೆ, ಅದಕ್ಕೆ "ಓ" ಅಂತ ಹೆಸರಿಡು. ಹಾಳೆ ಬಿಡಿಸೋಕೆ ಕತ್ತರಿ ಗಿತ್ತರಿ ತಗೊಂಡು ಹೋಗ್ಬೇಡ ಮತ್ತೆ, ನಾಲ್ಕೈದು ಸಲ ಉಗುರಲ್ಲಿ ತೀಡಿ ನಿಧಾನಕ್ಕೆ ಹರ್ಕೊ. ಉಗುರು ಇನ್ನೂ ಬ್ಯಾನ್ ಆಗಿಲ್ಲ.